ಸಲಾದಿನ್ ಫಾರ್ವರ್ಡ್: ಆ ಒಂದು ಸಾಲು ತಿದ್ದಿ

ದೊಡ್ಡಪ್ಪ (ಫಾರ್ವರ್ಡ್): 1187ರಲ್ಲಿ ಕ್ರೈಸ್ತರಿಂದ ಜೆರುಸಲೇಮ್ ಗೆದ್ದ ಮುಸ್ಲಿಂ ಸುಲ್ತಾನ್ ಸಲಾದಿನ್ ಎಲ್ಲರನ್ನೂ ಸುಮ್ನೆ ಬಿಟ್ಟುಬಿಟ್ಟ. ಇಂಥ ರಾಜ ಮತ್ತೆ ಹುಟ್ಟಲಿಲ್ಲ. ಎಲ್ಲರಿಗೂ ಕಳಿಸಿ 🙏

ಭಾವ: ಯಾರು ಹೇಳಿದ್ದು? ಅದೇ ವರ್ಷ ಹತ್ತಿನ್ ಯುದ್ಧದಲ್ಲಿ ಸೆರೆ ಸಿಕ್ಕ ಟೆಂಪ್ಲರ್, ಹಾಸ್ಪಿಟಲರ್ ಎಂಬ ಕ್ರೈಸ್ತ ಪಂಗಡಗಳ ಯೋಧರ ತಲೆ ತೆಗೆಸಿದ್ದು ಇವನೇ ಅಲ್ವಾ? ಕ್ರೈಸ್ತ ಸರದಾರ ರೆನಾಲ್ಡನ ಮೇಲಂತೂ ತಾನೇ ಕತ್ತಿ ಬೀಸಿದ.

ನಾನು: ನಿಜ ಭಾವ. ಆದರೆ ಅದು ಜುಲೈನಲ್ಲಿ, ಹತ್ತಿನ್‌ನಲ್ಲಿ. ಜೆರುಸಲೇಮ್ ಶರಣಾಗಿದ್ದು ಅಕ್ಟೋಬರ್ 2ಕ್ಕೆ. ಅಲ್ಲಿ ಕಗ್ಗೊಲೆ ನಡೆಯಲಿಲ್ಲ. 1099ರಲ್ಲಿ ಕ್ರುಸೇಡರ್‌ಗಳು, ಅಂದರೆ ಯುರೋಪಿನಿಂದ ಬಂದ ಕ್ರೈಸ್ತ ಸೇನೆ, ಅದೇ ಊರು ಹಿಡಿದಾಗ ಮುಸ್ಲಿಮರನ್ನೂ ಯಹೂದಿಗಳನ್ನೂ ಕಡಿದು ಹಾಕಿದ್ದರು. ಹಾಗಾಗಿ ಇದು ದೊಡ್ಡ ವಿಷಯವೇ. ಆದರೆ 'ಸುಮ್ನೆ ಬಿಟ್ಟ' ಅನ್ನುವುದನ್ನು ನಾನು ಒಪ್ಪುವುದಿಲ್ಲ ದೊಡ್ಡಪ್ಪ. ಮೊದಲು ಸಲಾದಿನ್ ಕೂಡ ಸೇಡಿನ ಮಾತೇ ಆಡಿದ್ದ. ಕೊಲ್ಲುವುದಾದರೆ ಮುಸ್ಲಿಮರಿಗೆ ಪವಿತ್ರವಾದ ಡೋಮ್ ಆಫ್ ದಿ ರಾಕ್ ಕೆಡವುತ್ತೇವೆ, ನಮ್ಮ ಕೈಲಿರುವ ಮುಸ್ಲಿಂ ಸೆರೆಯಾಳುಗಳನ್ನೂ ಮುಗಿಸುತ್ತೇವೆ ಅಂತ ಊರಿನೊಳಗೆ ಕ್ರೈಸ್ತರ ಮುಂದಾಳಾಗಿದ್ದ ಬಾಲಿಯನ್ ಬೆದರಿಸಿದ. ಆಮೇಲೆ ಮಾತುಕತೆ ಕುದುರಿತು. ಬಿಡುಗಡೆಗೆ ಗಂಡಸಿಗೆ 10 ದಿನಾರ್ (ಚಿನ್ನದ ನಾಣ್ಯ), ಹೆಂಗಸಿಗೆ 5, ಮಕ್ಕಳಿಗೆ ಇನ್ನೂ ಕಡಿಮೆ. ಗಡುವು 40 ದಿನ.

ಅತ್ತಿಗೆ: ದುಡ್ಡಿಲ್ಲದವರು ಏನು ಮಾಡಿದರು?

ನಾನು: ನನಗೆ ಸಂಕಟ ಅಲ್ಲೇ ಅತ್ತಿಗೆ. ಬಾಲಿಯನ್ ಕಡೆಯವರು 30,000 ದಿನಾರ್ ಒಟ್ಟಿಗೆ ಕಟ್ಟಿ ಸುಮಾರು 7,000 ಬಡವರನ್ನು ಬಿಡಿಸಿದರು. ಸಲಾದಿನನ ತಮ್ಮ ಅಲ್ ಆದಿಲ್ 1,000 ಜನರನ್ನು ಕೇಳಿ ಪಡೆದು ಬಿಟ್ಟ. ಸಲಾದಿನ್ ಮುದುಕರನ್ನು ಹಾಗೇ ಕಳಿಸಿದ. ಆದರೂ ಸುಮಾರು 15,000 ಜನ ಗುಲಾಮರಾದರು. ಅದರಲ್ಲಿ ಹೆಂಗಸರು, ಮಕ್ಕಳೇ ಜಾಸ್ತಿ. ಈ ಲೆಕ್ಕ ಬರೆದಿಟ್ಟವನು ಶತ್ರುವಲ್ಲ, ಸಲಾದಿನನ ಕಾರ್ಯದರ್ಶಿ ಇಮಾದುದ್ದೀನ್. ಇತ್ತ ಜೆರುಸಲೇಮಿನ ಪೇಟ್ರಿಯಾರ್ಕ್ (ಕ್ರೈಸ್ತ ಧರ್ಮಗುರು) ಹೆರಾಕ್ಲಿಯಸ್ ತನ್ನ 10 ದಿನಾರ್ ಕಟ್ಟಿ, ಚರ್ಚಿನ ಚಿನ್ನ ಬೆಳ್ಳಿ ಹೇರಿಕೊಂಡು ಹೊರಟ. ಅವನನ್ನು ತಡೆಯಿರಿ ಅಂತ ತನ್ನವರೇ ಹೇಳಿದರೂ ಸಲಾದಿನ್ ಕೊಟ್ಟ ಮಾತು ಮುರಿಯಲಿಲ್ಲ. ಆ ಚಿನ್ನದಲ್ಲಿ ಎಷ್ಟು ಮಕ್ಕಳನ್ನು ಬಿಡಿಸಬಹುದಿತ್ತು!

ದೊಡ್ಡಪ್ಪ: ಆ ಕಾಲಕ್ಕೆ ಇಷ್ಟೇ ಜಾಸ್ತಿ ಕಣಪ್ಪ. ಇಂಗ್ಲೆಂಡಿನ ರಾಜ ರಿಚರ್ಡ್ 1191ರಲ್ಲಿ ಏಕರ್ ಊರಿನ ಹತ್ತಿರ ಸುಮಾರು 2,700 ಮುಸ್ಲಿಂ ಸೆರೆಯಾಳುಗಳನ್ನು ಕೊಲ್ಲಿಸಲಿಲ್ವಾ?

ನಾನು: ಕೊಲ್ಲಿಸಿದ, ಘೋರ ಅದು. ಸಲಾದಿನ್ ಅಂದರೆ ನನಗೂ ಗೌರವವೇ. 1193ರಲ್ಲಿ ಡಮಾಸ್ಕಸ್‌ನಲ್ಲಿ ತೀರಿಕೊಂಡಾಗ ಅವನ ಖಜಾನೆಯಲ್ಲಿ ಇದ್ದದ್ದು 47 ದಿರ್ಹಮ್ (ಬೆಳ್ಳಿ ನಾಣ್ಯ), ಒಂದು ಚಿನ್ನದ ನಾಣ್ಯ ಅಂತ ಜೊತೆಗಿದ್ದ ಬಹಾವುದ್ದೀನ್ ಬರೆದಿದ್ದಾನೆ. ಅವನನ್ನು ಹೊಗಳಿ, ಬೇಡ ಅನ್ನುವುದಿಲ್ಲ. ಆದರೆ ಹೊಗಳುವುದಕ್ಕೋಸ್ಕರ ಆ 15,000 ಜನರನ್ನು ಅಳಿಸಬೇಡಿ. ಆ ಸಾಲು ತಿದ್ದಿ, ಆಮೇಲೆ ಬೇರೆ ಗುಂಪಿಗೆ ಕಳಿಸಿ.

ಭಾವ: ಹತ್ತಿನ್ ವಿಷಯವನ್ನೂ ಸೇರಿಸಲಿ.

ನಾನು: ಖಂಡಿತ ಸೇರಿಸಬೇಕು.