ಬಿಸಿಲಿಲ್ಲದ ಮಳೆಗಾಲ, ಹಳದಿಯಾದ ಕೂಸು: ಮಕ್ಕಳ ವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಹೊಸನಗರ ಕಡೆಯ ತಾಯಿ):

ನಮಸ್ಕಾರ ಮೇಡಂ. ನನಗೆ ಹೆಣ್ಣು ಮಗುವಾಗಿ ಇಂದಿಗೆ ಎಂಟು ದಿನ. ದಿನ ತುಂಬಿಯೇ ಹುಟ್ಟಿದ್ದು, ಆಗ ತೂಕ 2.8 ಕೆ.ಜಿ. ಇತ್ತು. ಮೂರನೆಯ ದಿನ ಆಸ್ಪತ್ರೆಯಿಂದ ತವರುಮನೆಗೆ ಬಂದೆವು. ಆಮೇಲೆ ಕಣ್ಣಿನ ಬಿಳಿಭಾಗ, ಮುಖ, ಎದೆ ಹಳದಿಯಾಗಿ ಕಾಣುತ್ತಿವೆ. ಎಳೆಬಿಸಿಲಿಗೆ ಹಿಡಿದರೆ ಹೋಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಪುಷ್ಯ ಮಳೆ ಹಿಡಿದದ್ದು ಬಿಟ್ಟೇ ಇಲ್ಲ, ಅಂಗಳಕ್ಕೆ ಕಾಲಿಡುವಂತಿಲ್ಲ. ಬಿಸಿಲಿಲ್ಲದೆ ಕಾಮಾಲೆ ಹೋಗುವುದು ಹೇಗೆ? ಉಳಿದಂತೆ ಮಗು ಬಹಳ ಒಳ್ಳೆಯದು. ಅಳುವುದೇ ಇಲ್ಲ, ಒಮ್ಮೆ ಮಲಗಿದರೆ ಐದು ಗಂಟೆ ಏಳುವುದಿಲ್ಲ.

ಉತ್ತರ (ಮಕ್ಕಳ ವೈದ್ಯೆ, ಶಿವಮೊಗ್ಗ):

ತಂಗಿ, ನೀವು ಬರೆದದ್ದರಲ್ಲಿ ನನಗೆ ಹಳದಿಗಿಂತ ಹೆಚ್ಚು ಚಿಂತೆ ಹುಟ್ಟಿಸಿದ್ದು ಕೊನೆಯ ಸಾಲು. ಎಂಟು ದಿನದ ಕೂಸು ಐದು ಗಂಟೆ ಮಲಗುವುದು ಒಳ್ಳೆಯತನದ ಗುರುತಲ್ಲ. ಹಾಲು ಸಾಲದ ಮಗುವಿಗೆ ಎದ್ದು ಅಳುವ ಶಕ್ತಿಯೂ ಇರುವುದಿಲ್ಲ. ಅದು ಮಲಗುತ್ತದೆ, ಮಲಗಿದ್ದರಿಂದ ಇನ್ನೂ ಕಡಿಮೆ ಕುಡಿಯುತ್ತದೆ, ಇನ್ನಷ್ಟು ಮಲಗುತ್ತದೆ. ಮನೆಯವರು ‘ಎಷ್ಟು ಸಾಧು ಮಗು’ ಎನ್ನುತ್ತಾರೆ. ಪ್ರತಿ ಮಳೆಗಾಲದಲ್ಲೂ ಇಂಥ ಸಾಧು ಮಕ್ಕಳನ್ನು ನಾನು ನೋಡುತ್ತೇನೆ.

ಈಗ ಬಿಸಿಲಿನ ಮಾತು. ಗರ್ಭದಲ್ಲಿದ್ದಾಗ ಮಗುವಿಗೆ ಕೆಂಪು ರಕ್ತಕಣಗಳು ಹೆಚ್ಚು ಇರುತ್ತವೆ. ಹುಟ್ಟಿದ ಮೇಲೆ ಅವು ಒಡೆದು ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಅದನ್ನು ಹೊರಹಾಕುವ ಕೆಲಸಕ್ಕೆ ಮಗುವಿನ ಯಕೃತ್ತು ಇನ್ನೂ ಪಳಗಿರುವುದಿಲ್ಲ. ಹಾಗಾಗಿ ಎರಡನೆಯ ಮೂರನೆಯ ದಿನಕ್ಕೆ ಹಳದಿ ಕಾಣಿಸಿ, ದಿನ ತುಂಬಿದ ಮಕ್ಕಳಲ್ಲಿ ಎರಡು ವಾರದೊಳಗೆ ಇಳಿಯುತ್ತದೆ. ಇಳಿಯುವ ದಾರಿ ಯಾವುದು? ಮಲ. ಹೊಟ್ಟೆಗೆ ಹಾಲು ಬಿದ್ದರೆ ಮಲ ಹೋಗುತ್ತದೆ, ಮಲದ ಜೊತೆ ಹಳದಿಯೂ ಹೋಗುತ್ತದೆ. ಹಳದಿ ಅಪಾಯದ ಮಟ್ಟಕ್ಕೆ ಏರಿದರೆ ಆಸ್ಪತ್ರೆಯಲ್ಲಿ ಮಗುವಿನ ಬಟ್ಟೆ ತೆಗೆದು, ಕಣ್ಣಿಗೆ ಪಟ್ಟಿ ಕಟ್ಟಿ, ನೀಲಿ ಬೆಳಕಿನ ಕೆಳಗೆ ಮಲಗಿಸುತ್ತಾರೆ. ಎಳೆಬಿಸಿಲು ಅದಕ್ಕೆ ಬದಲಿಯಲ್ಲ. ಜಗಲಿಯಲ್ಲಿ ಹತ್ತು ನಿಮಿಷ ಹಿಡಿದ ಬಿಸಿಲಿನಿಂದ ಹೆಚ್ಚೇನೂ ಆಗುವುದಿಲ್ಲ. ಆದ್ದರಿಂದ ಮಳೆಯನ್ನು ಶಪಿಸಬೇಡಿ, ಬಿಸಿಲಿಗೂ ಕಾಯಬೇಡಿ.

ನನಗೆ ನಾಲ್ಕು ವಿಷಯ ತಿಳಿಸಿ. ನಿನ್ನೆಯಿಂದ ಇಂದಿನವರೆಗೆ ಎಷ್ಟು ಬಾರಿ ಮೂತ್ರ ಮಾಡಿದೆ? ಮಲದ ಬಣ್ಣ ಯಾವುದು? ಈಗಿನ ತೂಕ ಎಷ್ಟು? ನಿಮ್ಮ ಮತ್ತು ಮಗುವಿನ ರಕ್ತದ ಗುಂಪು ಯಾವುದು? ಇನ್ನೊಂದು ಪ್ರಶ್ನೆ ವಿಚಿತ್ರ ಎನ್ನಿಸಬಹುದು: ಮಗುವಿಗೆ ಹಾಕುತ್ತಿರುವ ಬಟ್ಟೆಗಳು ಹಳೆಯ ಟ್ರಂಕಿನಿಂದ ತೆಗೆದವೇ, ಅದರಲ್ಲಿ ನುಸಿಗುಳಿಗೆ ಇತ್ತೇ?

ಅದೇ ತಾಯಿ:

ಇದೆ ಮೇಡಂ! ಅಜ್ಜಿ ಅಟ್ಟದ ಪೆಟ್ಟಿಗೆಯಿಂದ ನನ್ನ ತಮ್ಮನ ಕುಲಾವಿ, ಹೊದಿಕೆ ತೆಗೆದು ಕೊಟ್ಟರು. ಒಗೆದೆವು, ಆದರೂ ಆ ವಾಸನೆ ಇದೆ. ಮೂತ್ರ ದಿನಕ್ಕೆ ನಾಲ್ಕು ಸಲ. ಮಲ ಹಸಿರು ಮಿಶ್ರಿತ ಹಳದಿ, ದಿನಕ್ಕೆ ಒಂದು ಸಲ. ನಿನ್ನೆ ಆಶಾ ಕಾರ್ಯಕರ್ತೆ ತೂಗಿದಾಗ 2.5 ಕೆ.ಜಿ. ಇತ್ತು. ಇಬ್ಬರದೂ ಓ ಪಾಸಿಟಿವ್.

ಉತ್ತರ:

ಆ ಬಟ್ಟೆಗಳನ್ನು ಈಗಲೇ ಕೋಣೆಯಿಂದ ಹೊರಗಿಡಿ. ಕೆಲವು ಮಕ್ಕಳ ರಕ್ತದಲ್ಲಿ ಹುಟ್ಟಿನಿಂದಲೇ ಒಂದು ಕಿಣ್ವದ ಕೊರತೆ ಇರುತ್ತದೆ. ಅಂಥವರಿಗೆ ನುಸಿಗುಳಿಗೆಯ ನ್ಯಾಫ್ತಲೀನ್ ತಗುಲಿದರೆ ರಕ್ತಕಣಗಳು ಒಡೆದು ಕಾಮಾಲೆ ಒಮ್ಮೆಲೇ ಏರಬಹುದು. ನಿಮ್ಮ ಮಗುವಿಗೆ ಆ ಕೊರತೆ ಇದೆ ಎಂದು ನಾನು ಹೇಳುತ್ತಿಲ್ಲ. ಪರೀಕ್ಷೆ ಮಾಡದೆ ತಿಳಿಯುವುದಿಲ್ಲವಾದ್ದರಿಂದ ಆ ವಾಸನೆ ಯಾವ ಎಳೆಗೂಸಿನ ಹತ್ತಿರವೂ ಬೇಡ.

ತೂಕದ ಲೆಕ್ಕ ನೋಡಿ. ಮೊದಲ ದಿನಗಳಲ್ಲಿ ಎಲ್ಲ ಮಕ್ಕಳೂ ಸ್ವಲ್ಪ ಇಳಿಯುತ್ತಾರೆ, ನೂರಕ್ಕೆ ಏಳರವರೆಗೆ ಗಾಬರಿ ಬೇಡ. ನಿಮ್ಮ ಮಗು 300 ಗ್ರಾಂ ಇಳಿದಿದೆ, ಅದು ನೂರಕ್ಕೆ ಹತ್ತನ್ನೂ ದಾಟಿತು. ಏಳನೆಯ ದಿನಕ್ಕೆ ತೂಕ ಮೇಲಕ್ಕೆ ತಿರುಗಿರಬೇಕಿತ್ತು. ನಾಲ್ಕೈದು ದಿನ ಕಳೆದ ಮೇಲೆ ಮೂತ್ರ ದಿನಕ್ಕೆ ಆರು ಬಾರಿಗಿಂತ ಕಡಿಮೆ ಇರಬಾರದು. ಹಾಗಾಗಿ ಇವತ್ತೇ ತಾಲ್ಲೂಕು ಆಸ್ಪತ್ರೆಗೆ ಹೋಗಿ ಬಿಲಿರುಬಿನ್ ಪರೀಕ್ಷೆ ಮಾಡಿಸಿ. ನಾಳೆ ಮಳೆ ಬಿಡಲಿ ಎಂದು ಕಾಯಬೇಡಿ.

ಹೊರಡುವ ಮೊದಲು ಹಾಲು ಕುಡಿಸಿ. ಹೀಗೆ ಮಾಡಿ. ಮಗುವಿನ ಹೊದಿಕೆಯನ್ನೆಲ್ಲ ಬಿಚ್ಚಿ, ಲಂಗೋಟಿ ಮಾತ್ರ ಉಳಿಸಿ. ಬೆಚ್ಚಗೆ ಸುತ್ತಿದ ಮಗು ನಿದ್ದೆ ಬಿಡುವುದಿಲ್ಲ. ಅಂಗಾಲನ್ನು ಬೆರಳಿನಿಂದ ಉಜ್ಜಿ ಎಬ್ಬಿಸಿ. ಮಗುವಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗುವಂತೆ ಪೂರ್ತಿ ನಿಮ್ಮ ಕಡೆಗೆ ತಿರುಗಿಸಿಕೊಳ್ಳಿ. ಕತ್ತನ್ನು ಮಾತ್ರ ತಿರುಗಿಸಿದರೆ ನುಂಗಲಾಗುವುದಿಲ್ಲ, ನೀವೇ ತಲೆ ವಾಲಿಸಿ ನೀರು ಕುಡಿದು ನೋಡಿ, ತಿಳಿಯುತ್ತದೆ. ಮೊಲೆತೊಟ್ಟನ್ನು ಮಗುವಿನ ಮೇಲ್ದುಟಿಗೆ ಸವರಿ, ಆಕಳಿಸುವಷ್ಟು ಅಗಲ ಬಾಯಿ ತೆರೆದಾಗ ಎದೆಗೆ ಎಳೆದುಕೊಳ್ಳಿ. ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಬಹುಪಾಲು ಬಾಯೊಳಗಿರಬೇಕು, ಗದ್ದ ಎದೆಗೆ ಒತ್ತಿರಬೇಕು, ಕೆಳದುಟಿ ಹೊರಕ್ಕೆ ಮಡಚಿರಬೇಕು. ಆಮೇಲೆ ಕಿವಿಗೊಡಿ. ಎರಡು ಮೂರು ಸಲ ಚೀಪಿ ಒಮ್ಮೆ ‘ಕ’ ಎಂದು ನುಂಗುವ ಸದ್ದು ಬರುತ್ತದೆ. ಆ ಸದ್ದಿಲ್ಲದೆ ಅರ್ಧ ಗಂಟೆ ಚೀಪಿದರೂ ಹೊಟ್ಟೆ ತುಂಬುವುದಿಲ್ಲ. ನಿಮಗೆ ನೋವಾದರೆ ಮಗು ಸರಿಯಾಗಿ ಹಿಡಿದಿಲ್ಲ ಎಂದೇ ತಿಳಿಯಿರಿ. ಕಿರುಬೆರಳನ್ನು ಬಾಯಿಯ ಅಂಚಿನಲ್ಲಿ ತೂರಿಸಿ ಬಿಡಿಸಿ, ಮತ್ತೆ ಹಿಡಿಸಿ.

ಕುಡಿದ ಮೇಲೂ ಎದೆಯಲ್ಲಿ ಹಾಲಿದ್ದರೆ ಕೈಯಿಂದ ಹಿಂಡಿ, ತೊಳೆದು ಕುದಿಸಿದ ಒಳಲೆಯಲ್ಲಿ (ಮೂತಿಯಿರುವ ಪುಟ್ಟ ಬಟ್ಟಲು) ಕುಡಿಸಿ. ಬಾಟಲಿ ಬೇಡ, ನಮ್ಮ ಅಜ್ಜಿಯರ ಒಳಲೆಯೇ ಸರಿ. ಹಗಲು ರಾತ್ರಿ ಸೇರಿ ಎಂಟರಿಂದ ಹನ್ನೆರಡು ಬಾರಿ ಹಾಲು ಕೊಡಬೇಕು. ತೂಕ ಏರುವವರೆಗೆ ಎರಡು ಮೂರು ಗಂಟೆಗೊಮ್ಮೆ ಎಬ್ಬಿಸಲೇಬೇಕು. ರಾತ್ರಿಯ ಹಾಲು ಬಿಡಬೇಡಿ, ಹಾಲು ಹುಟ್ಟಿಸುವ ಹಾರ್ಮೋನು ರಾತ್ರಿಯಲ್ಲೇ ಹೆಚ್ಚು.

ನೀವು ನೀರು ಕುಡಿಯುತ್ತಿದ್ದೀರಾ? ‘ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ’ ಎಂಬ ಪಥ್ಯ ಇನ್ನೂ ನಮ್ಮ ಕಡೆ ಇದೆ. ಅದನ್ನು ಬಿಡಿ. ಬಾಯಾರಿದಷ್ಟು ಕುಡಿಯಿರಿ, ಒಂದೊಂದು ಸಲ ಹಾಲು ಕೊಡುವಾಗಲೂ ಪಕ್ಕದಲ್ಲಿ ಒಂದು ಲೋಟ ಬಿಸಿನೀರಿರಲಿ. ಮೆಣಸಿನ ಸಾರು, ಬೆಳ್ಳುಳ್ಳಿ ಬೇಡವೆನ್ನುವುದಿಲ್ಲ. ಅದರ ಜೊತೆಗೆ ಸೊಪ್ಪು, ಬೇಳೆ, ತರಕಾರಿಯೂ ಇರಲಿ.

ಪ್ರಶ್ನೆ (ತೀರ್ಥಹಳ್ಳಿ ಕಡೆಯ ಅಜ್ಜಿ, ಮೊಮ್ಮಗಳು ಬರೆದದ್ದು):

ನಾನು ಮೂರು ಹೆತ್ತು, ಆರು ಬಾಣಂತನ ಮಾಡಿದವಳು. ಈ ಮಳೆಯಲ್ಲಿ ಬಾಣಂತಿ ಕೋಣೆಗೆ ಅಗ್ಗಿಷ್ಟಿಕೆ ಇಡಬಾರದು, ಕೂಸಿಗೆ ಲೋಬಾನದ ಹೊಗೆ ಹಾಕಬಾರದು ಎಂದು ಸೊಸೆ ಹಟ ಹಿಡಿದಿದ್ದಾಳೆ. ಮಂಚವೂ ಗೋಡೆಯೂ ತಣ್ಣಗಿರುವಾಗ ಕೂಸು ಥಂಡಿ ಹಿಡಿಯದೆ ಇರುತ್ತದೆಯೇ?

ಉತ್ತರ:

ಅಮ್ಮ, ಕೂಸು ಬೆಚ್ಚಗಿರಬೇಕು ಎನ್ನುವ ನಿಮ್ಮ ಮಾತು ನೂರಕ್ಕೆ ನೂರು ಸರಿ. ಎಳೆಗೂಸಿನ ಮೈ ಬೇಗ ತಣ್ಣಗಾಗುತ್ತದೆ, ತಣ್ಣಗಾದ ಕೂಸು ಹಾಲು ಕುಡಿಯುವುದನ್ನೂ ಬಿಡುತ್ತದೆ. ಇದನ್ನು ಓದಿದ ತಾಯಂದಿರೇ ಮರೆಯುತ್ತಾರೆ, ನೀವು ಮರೆತಿಲ್ಲ. ಆದರೆ ಸೊಸೆ ಹೇಳುವುದನ್ನೂ ಕೇಳಿ. ಮೊದಲು ಹೆಂಚಿನ ಸಂದಿ, ಮರದ ಬಾಗಿಲಿನ ಸಂದಿಯಿಂದ ಗಾಳಿ ಆಡುತ್ತಿತ್ತು. ಈಗ ತಾರಸಿ ಮನೆ, ಗಾಜಿನ ಕಿಟಕಿ, ಕೆಳಗೆ ಬಟ್ಟೆ ತುರುಕಿದ ಬಾಗಿಲು. ಅಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳದೆ ಹೋಗಬಹುದು. ಲೋಬಾನದ ಹೊಗೆ ಕೂಸಿನ ಶ್ವಾಸನಾಳಕ್ಕೆ ಉರಿ. ನೀರು ಹಾಕಿದ ಮೇಲೆ ಕೂಸಿನ ತಲೆಯನ್ನು ಒಣಬಟ್ಟೆಯಿಂದ ಚೆನ್ನಾಗಿ ಒತ್ತಿ ಒರೆಸಿದರೆ ಹೊಗೆಯ ಅಗತ್ಯವೇ ಬೀಳುವುದಿಲ್ಲ.

ಹಾಗಾದರೆ ಬೆಚ್ಚಗಿಡುವುದು ಹೇಗೆ? ತಾಯಿಯ ಎದೆಗೆ, ಚರ್ಮಕ್ಕೆ ಚರ್ಮ ತಾಗುವಂತೆ ಕೂಸನ್ನು ನೆಟ್ಟಗೆ ಮಲಗಿಸಿ, ಮೇಲೆ ಇಬ್ಬರಿಗೂ ಸೇರಿಸಿ ಸೀರೆ ಸುತ್ತಿ, ಶಾಲು ಹೊದಿಸಿ. ಕೂಸಿನ ತಲೆಗೆ ಕುಲಾವಿ, ಕಾಲಿಗೆ ಕಾಲುಚೀಲ ಹಾಕಿ. ಮುಖ ಮುಚ್ಚದಂತೆ, ತಾಯಿ ನಿದ್ದೆ ಹೋಗದಂತೆ ಪಕ್ಕದಲ್ಲಿ ಒಬ್ಬರು ನೋಡುತ್ತಿರಲಿ. 2.5 ಕೆ.ಜಿ.ಗಿಂತ ಕಡಿಮೆ ತೂಕದ ಮಕ್ಕಳನ್ನು ಆಸ್ಪತ್ರೆಗಳಲ್ಲೇ ಈ ರೀತಿ ಉಳಿಸುತ್ತಾರೆ, ಕಾಂಗರೂ ಆರೈಕೆ ಎನ್ನುತ್ತಾರೆ. ತಾಯಿ ದಣಿದರೆ ಅಪ್ಪ ಇಟ್ಟುಕೊಳ್ಳಬಹುದು, ನೀವೂ ಇಟ್ಟುಕೊಳ್ಳಬಹುದು.

ಬೆಚ್ಚಗಿದೆಯೇ ಎಂದು ತಿಳಿಯಲು ನಿಮ್ಮ ಕೈಯೇ ಸಾಕು. ಅಂಗೈಯ ಹಿಂಬದಿಯಿಂದ ಕೂಸಿನ ಹೊಟ್ಟೆ ಮುಟ್ಟಿ, ಆಮೇಲೆ ಪಾದ ಮುಟ್ಟಿ. ಎರಡೂ ಬೆಚ್ಚಗಿದ್ದರೆ ಚೆನ್ನಾಗಿದೆ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಚಳಿ ಹಿಡಿಯತೊಡಗಿದೆ, ಎದೆಗಪ್ಪಿಕೊಳ್ಳಿ. ಎರಡೂ ತಣ್ಣಗಿದ್ದರೆ ಎದೆಗಪ್ಪಿಕೊಂಡೇ ಆಸ್ಪತ್ರೆಗೆ ಹೊರಡಿ.

ಬಟ್ಟೆಯನ್ನು ಬಚ್ಚಲೊಲೆಯ ಮೇಲೆ ಒಣಗಿಸಿದರೆ ಹೊಗೆ ಹಿಡಿಯುತ್ತದೆ. ನೆರಳಲ್ಲೇ ಆದಷ್ಟು ಒಣಗಿಸಿ, ಇಸ್ತ್ರಿ ಹಾಕಿ. ಎಣ್ಣೆ ತಿಕ್ಕುವುದು ಒಳ್ಳೆಯದೇ, ಕೊಬ್ಬರಿ ಎಣ್ಣೆ ಸಾಕು. ಮೂಗಿಗೆ, ಕಿವಿಗೆ ಮಾತ್ರ ಒಂದು ಹನಿಯೂ ಬೇಡ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಹಂಡೆಯ ನೀರನ್ನು ಮೊಣಕೈಯಿಂದ ಮುಟ್ಟಿ ನೋಡಿಯೇ ಹಾಕಿ. ಚಿಕ್ಕ ಕೂಸಿಗೆ, ಜಡಿಮಳೆಯ ದಿನ, ಮೈ ಒರೆಸಿದರೂ ನಡೆಯುತ್ತದೆ. ಹೊಕ್ಕುಳ ಬಳ್ಳಿಗೆ ಬೂದಿ, ಅರಿಶಿನ, ತುಪ್ಪ ಏನೂ ಹಚ್ಚಬೇಡಿ, ತಾನೇ ಒಣಗಿ ಬೀಳುತ್ತದೆ.

ಪ್ರಶ್ನೆ (ಸೊರಬ): ಬಜೆ ತೇಯ್ದು ನೆಕ್ಕಿಸಬಹುದೇ? ನಮ್ಮದೇ ತೋಟದ ತುಡುವೆ ಜೇನು, ಕಲಬೆರಕೆ ಇಲ್ಲ.

ಉತ್ತರ: ಎರಡೂ ಬೇಡ. ಜೇನು ಎಷ್ಟೇ ಶುದ್ಧವಾಗಿದ್ದರೂ ಅದರಲ್ಲಿ ಮಣ್ಣಿನ ಒಂದು ಬ್ಯಾಕ್ಟೀರಿಯಾದ ಬೀಜಾಣು ಇರುವ ಸಂಭವ ತಪ್ಪುವುದಿಲ್ಲ. ನಮಗೆ ಅದು ಏನೂ ಮಾಡದು, ಕೂಸಿನ ಕರುಳಿನಲ್ಲಿ ಮೊಳೆತು ವಿಷ ಬಿಟ್ಟು ಮೈಯೆಲ್ಲ ಸೋಲುವಂತೆ ಮಾಡಬಹುದು. ಒಂದು ವರ್ಷ ತುಂಬುವವರೆಗೆ ಜೇನು ಮುಟ್ಟಿಸಬೇಡಿ. ಆರು ತಿಂಗಳವರೆಗೆ ಎದೆಹಾಲು, ವೈದ್ಯರು ಬರೆದುಕೊಟ್ಟ ವಿಟಮಿನ್ ಡಿ ಹನಿ, ಅಷ್ಟೇ. ನೀರೂ ಬೇಡ, ಗ್ರೈಪ್ ವಾಟರ್ ಕೂಡ ಬೇಡ.

ಪ್ರಶ್ನೆ (ಸಾಗರ): ಹನ್ನೆರಡು ದಿನದ ಗಂಡು ಮಗುವಿನ ಎದೆ ಗಂಟು ಕಟ್ಟಿದೆ, ಹಾಲಿನಂತೆ ಬರುತ್ತಿದೆ. ನೀರು ಹಾಕಲು ಬರುವವರು ಹಿಂಡಿ ತೆಗೆಯಬೇಕು ಎನ್ನುತ್ತಾರೆ.

ಉತ್ತರ: ದಯವಿಟ್ಟು ಹಿಂಡಲು ಬಿಡಬೇಡಿ. ತಾಯಿಯ ಹಾರ್ಮೋನು ಮಗುವಿನ ಮೈಯಲ್ಲಿ ಉಳಿದಿರುವುದರಿಂದ ಹೀಗಾಗುತ್ತದೆ, ಗಂಡಿಗೂ ಹೆಣ್ಣಿಗೂ. ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಹಿಂಡಿದರೆ ಕೀವಾಗುತ್ತದೆ, ಕೊಯ್ಯಬೇಕಾಗಿ ಬಂದ ಮಕ್ಕಳನ್ನು ನೋಡಿದ್ದೇನೆ. ಕೆಂಪಾಗಿ ಬಿಸಿಯಾಗಿದ್ದರೆ ತೋರಿಸಿ.

ಪ್ರಶ್ನೆ (ಬೆಂಗಳೂರಿನಲ್ಲಿ ಕೆಲಸದಲ್ಲಿರುವ ತಂದೆ): ಹೆಂಡತಿ ಶಿಕಾರಿಪುರದ ತವರಿನಲ್ಲಿದ್ದಾಳೆ. ಮಗುವಿಗೆ ಇಪ್ಪತ್ತೆರಡು ದಿನ. ಫೋನ್ ಮಾಡಿದಾಗಲೆಲ್ಲ ಅಳುತ್ತಾಳೆ, ‘ನನ್ನಿಂದ ಈ ಮಗುವನ್ನು ಸಾಕಲಾಗುವುದಿಲ್ಲ’ ಎನ್ನುತ್ತಾಳೆ. ಹಾಲು ಕಡಿಮೆ ಎಂದು ಎಲ್ಲರೂ ಅನ್ನುತ್ತಾರಂತೆ.

ಉತ್ತರ: ಮೊದಲು ರಜೆ ಹಾಕಿ ಹೊರಡಿ. ಹೆರಿಗೆಯಾದ ಮೊದಲ ಎರಡು ವಾರ ಅಳು ಬರುವುದು ಸಹಜ. ಮೂರು ವಾರ ಕಳೆದೂ ಹೀಗಿದ್ದರೆ ಅದು ಕಾಯಿಲೆಯಾಗಿರಬಹುದು, ಅದಕ್ಕೆ ಚಿಕಿತ್ಸೆ ಇದೆ. ಎದೆಹಾಲು ಬಿಡಿಸದೆಯೇ ಚಿಕಿತ್ಸೆ ಕೊಡಬಹುದು. ಈ ರಾತ್ರಿಯೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡುತ್ತಾರೆ. ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಮಾತು ಬಂದಿದ್ದರೆ ಒಂದು ಕ್ಷಣವೂ ಒಂಟಿಯಾಗಿ ಬಿಡಬಾರದು. ಹಾಲಿನ ಬಗ್ಗೆ ಹೀಯಾಳಿಸುವವರಿಗೆ ತಕ್ಕಡಿ ತೋರಿಸಿ. ಮಗು ದಿನಕ್ಕೆ 25ರಿಂದ 30 ಗ್ರಾಂ ಏರುತ್ತಿದ್ದರೆ ಹಾಲು ಸಾಕಷ್ಟಿದೆ.

ಒಬ್ಬ ಆಶಾ ಕಾರ್ಯಕರ್ತೆ:

ಮೇಡಂ, ನಾವು 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಹೋಗುತ್ತೇವೆ. ‘ತೂಗಿದರೆ ದೃಷ್ಟಿಯಾಗುತ್ತದೆ’ ಎಂದು ಕೆಲವರು ಮಗುವನ್ನು ಕೊಡುವುದಿಲ್ಲ. ಮರ ಬಿದ್ದು ರಸ್ತೆ ಮುಚ್ಚುವ ಊರುಗಳಲ್ಲಿ ಯಾವಾಗ ಕಾಯಬಹುದು, ಯಾವಾಗ ಕಾಯಬಾರದು ಎಂದು ಹೇಳಿದರೆ ಉಪಕಾರ.

ಉತ್ತರ:

ನಿಮ್ಮಂಥ ಆಶಾ ಕಾರ್ಯಕರ್ತೆ ತೂಗಿದ್ದರಿಂದಲೇ ಹೊಸನಗರ ಕಡೆಯ ಮಗುವಿನ ಕಷ್ಟ ಗೊತ್ತಾಯಿತು. ದೃಷ್ಟಿಯ ಭಯವಿದ್ದವರು ತೂಗಿದ ಮೇಲೆ ನಿವಾಳಿಸಿಕೊಳ್ಳಲಿ, ತೂಗುವುದು ಬಿಡಬಾರದು.

ಬೆಳಗಾಗಲಿ ಎಂದು ಕಾಯಬಾರದ್ದು ಇವಕ್ಕೆ: ಹಾಲು ಕುಡಿಯುವುದನ್ನೇ ಬಿಟ್ಟರೆ, ಮೈ ಜ್ವರದಿಂದ ಸುಟ್ಟರೆ, ಅಂದರೆ 100.4 ಡಿಗ್ರಿ ಮತ್ತು ಮೇಲಿದ್ದರೆ, ಮೈ ತಣ್ಣಗಾಗಿ ಬಿಸಿಗೆ ಬಾರದಿದ್ದರೆ, ಪೂರ್ತಿ ಒಂದು ನಿಮಿಷ ಎಣಿಸಿದಾಗ ಉಸಿರು 60 ಅಥವಾ ಹೆಚ್ಚಿದ್ದರೆ, ಪಕ್ಕೆ ಒಳಕ್ಕೆ ಸೆಳೆದರೆ, ಫಿಟ್ಸ್ ಬಂದರೆ, ಹೊಕ್ಕುಳ ಸುತ್ತ ಕೆಂಪಾದರೆ, ಹಸಿರು ವಾಂತಿಯಾದರೆ, ಹುಟ್ಟಿದ ಮೊದಲ ದಿನವೇ ಹಳದಿಯಾದರೆ ಅಥವಾ ಅಂಗೈ ಅಂಗಾಲಿಗೆ ಹಳದಿ ಇಳಿದರೆ. ಈ ವಯಸ್ಸಿನ ಜ್ವರಕ್ಕೆ ಮನೆಯಲ್ಲಿ ಸಿರಪ್ ಹಾಕಿ ನೋಡಬೇಡಿ. 108ಕ್ಕೆ ಕರೆ ಮಾಡಿ. ನೆಟ್‌ವರ್ಕ್ ಎಲ್ಲಿ ಸಿಗುತ್ತದೆ, ಯಾರ ಮನೆಯ ಜೀಪು ಹೊರಡುತ್ತದೆ ಎಂಬುದನ್ನು ಹೆರಿಗೆಗೆ ಮೊದಲೇ ಗೊತ್ತು ಮಾಡಿಕೊಂಡಿರಿ. ದಾರಿಯುದ್ದಕ್ಕೂ ಕೂಸು ಎದೆಯ ಮೇಲಿರಲಿ, ನುಂಗುವುದಾದರೆ ಹಾಲು ಕೊಡುತ್ತಿರಿ.

ಹೊಸನಗರ ಕಡೆಯ ತಾಯಿ (ಎರಡು ದಿನದ ನಂತರ):

ಮೇಡಂ, ಅಂದೇ ಹೋದೆವು. ಬಿಲಿರುಬಿನ್ 14 ಬಂತು, ನೀಲಿ ಬೆಳಕು ಬೇಡ ಎಂದರು. ಈಗ ರಾತ್ರಿಯೂ ಎಬ್ಬಿಸಿ ಕುಡಿಸುತ್ತಿದ್ದೇನೆ. ನೀವು ಹೇಳಿದ ‘ಕ’ ಎನ್ನುವ ಸದ್ದು ನಿನ್ನೆ ಕೇಳಿಸಿತು, ಅಮ್ಮನನ್ನೂ ಕರೆದು ಕೇಳಿಸಿದೆ. ಮೂತ್ರ ಏಳು ಸಲ. ತೂಕ 2.57. ಈಗ ಹಸಿವಾದರೆ ಮನೆ ಹಾರಿಹೋಗುವ ಹಾಗೆ ಅಳುತ್ತಾಳೆ.

ಉತ್ತರ:

ಆ ಅಳುವನ್ನು ಓದಿ ನನಗೆ ಬಹಳ ಸಂತೋಷವಾಯಿತು. ಹದಿನಾಲ್ಕನೆಯ ದಿನ ಮತ್ತೆ ತೂಗಿಸಿ. ಅಷ್ಟರಲ್ಲಿ ಹುಟ್ಟಿದ ತೂಕಕ್ಕೆ ಹತ್ತಿರ ಬಂದಿರಬೇಕು. ಅಂದಿಗೂ ಹಳದಿ ಉಳಿದಿದ್ದರೆ ಇನ್ನೊಂದು ರಕ್ತಪರೀಕ್ಷೆ ಬೇಕಾಗುತ್ತದೆ. ಎದೆಹಾಲಿನ ಮಕ್ಕಳಲ್ಲಿ ಅದು ನಿರಪಾಯವಾಗಿ ಕೆಲವು ವಾರ ಉಳಿಯುವುದುಂಟು, ಆದರೆ ಪಿತ್ತನಾಳ ಮುಚ್ಚಿದ ಮಗುವನ್ನು ಎರಡು ತಿಂಗಳು ತುಂಬುವ ಮೊದಲೇ ಶಸ್ತ್ರಚಿಕಿತ್ಸೆಗೆ ಕಳಿಸಬೇಕು, ತಡವಾದರೆ ಫಲ ಕಡಿಮೆ. ಅದರ ಗುರುತು ಮಲದಲ್ಲಿದೆ: ಸುಣ್ಣದಂತೆ ಬಿಳಿಚಿದ ಮಲ, ಬಟ್ಟೆಗೆ ಕಲೆ ಹಿಡಿಸುವ ಗಾಢ ಮೂತ್ರ. ಲಂಗೋಟಿಯನ್ನು ದೀಪದಡಿ ನೋಡಬೇಡಿ, ಹಗಲಿನಲ್ಲಿ ಕಿಟಕಿಯ ಹತ್ತಿರ ನೋಡಿ. ಅನುಮಾನ ಬಂದರೆ ಮೊಬೈಲಿನಲ್ಲಿ ಚಿತ್ರ ತೆಗೆದು, ತಾಯಿ ಕಾರ್ಡಿನ ಜೊತೆ ಮಗುವನ್ನು ಕರೆದುಕೊಂಡು ಬನ್ನಿ.