ಪದಚರ್ಚೆ: ಗಾಲ್ಫ್ ಬರಹದಲ್ಲಿ ‘ರೆಸಿಲಿಯನ್ಸ್’ಗೆ ಏನನ್ನಬೇಕು?

ಪ್ರಶ್ನೆ:
ಬಳಗದವರಿಗೆ ನಮಸ್ಕಾರ. ಗಾಲ್ಫ್‌ನ ಮೇಜರ್ ಟೂರ್ನಿಗಳನ್ನು ಗೆದ್ದವರ ಮನಸ್ಸಿನ ಗಟ್ಟಿತನದ ಬಗ್ಗೆ ಲೇಖನವೊಂದು ಕನ್ನಡಕ್ಕೆ ಬರುತ್ತಿದೆ. ‘ರೆಸಿಲಿಯನ್ಸ್’ ಅದರ ತುಂಬ ಇದೆ. ‘ಮಾನಸಿಕ ಸ್ಥಿತಿಸ್ಥಾಪಕತ್ವ’ ಎಂದು ಬರೆದದ್ದನ್ನು ಕಂಡಿದ್ದೇನೆ; ಸ್ಥೈರ್ಯ, ಛಲ, ಚೇತರಿಕೆ ಎಂದೂ ಬರೆಯುತ್ತಾರೆ. ಯಾವುದು ಸರಿ? ‘ಚೋಕ್’ ಆಗುವುದಕ್ಕೂ, ಅಂದರೆ ಗೆಲ್ಲುವ ಹೊತ್ತಿಗೆ ಒತ್ತಡಕ್ಕೆ ಆಟ ಕೆಡುವುದಕ್ಕೂ, ಒಂದು ಮಾತು ತಿಳಿಸಿ.

ಉತ್ತರ:
ಸ್ಥಿತಿಸ್ಥಾಪಕತ್ವ ಖಂಡಿತ ಬೇಡ ಸರ್. ಅದು ರಬ್ಬರು, ಸ್ಪ್ರಿಂಗುಗಳ ಗುಣ, ಎಳೆದು ಬಿಟ್ಟರೆ ಮೊದಲಿನ ಆಕಾರಕ್ಕೆ ಬರುವುದು. ಗಾಲ್ಫ್‌ನಲ್ಲಿ ಮೊದಲಿನ ಸ್ಥಿತಿ ಮರಳಿ ಬರುವುದೇ ಇಲ್ಲ. ಕಳೆದುಕೊಂಡ ಸ್ಟ್ರೋಕ್ (ಹೊಡೆತ; ಕಡಿಮೆ ಹೊಡೆತದವರೇ ಗೆಲ್ಲುವುದು) ಅಂಕಗಳ ಕಾರ್ಡಿನಲ್ಲಿ ಕೊನೆಯವರೆಗೂ ಇರುತ್ತದೆ.

ಇಲ್ಲಿಗೆ ಒಪ್ಪುವ ಮಾತು ‘ಸಾವರಿಸಿಕೊಳ್ಳು’. ಎಡವಿದವರು ಬೀಳುವ ಮೊದಲೇ ಸಾವರಿಸಿಕೊಳ್ಳುತ್ತಾರೆ, ಮಾತು ತಡವರಿಸಿದವರು ಸಾವರಿಸಿಕೊಂಡು ಮುಂದುವರಿಸುತ್ತಾರೆ. ನಡೆಯುತ್ತಿರುವ ಕೆಲಸ ನಿಲ್ಲದೆ ಹಿಡಿತ ಮರಳುವುದು ಈ ಕ್ರಿಯಾಪದದೊಳಗೇ ಇದೆ.

2017ರ ಓಪನ್ (ಬ್ರಿಟನ್ನಿನ ಮೇಜರ್ ಟೂರ್ನಿ), ರಾಯಲ್ ಬರ್ಕ್‌ಡೇಲ್, ಕೊನೆಯ ಸುತ್ತಿನ 13ನೇ ಹೋಲ್ (ಟೀ ಎಂಬ ಆರಂಭದ ಜಾಗದಿಂದ ಕುಳಿಯವರೆಗಿನ ಒಂದು ಹಂತ) ನೋಡಿ. ಜೋರ್ಡನ್ ಸ್ಪೀತ್ ಹೊಡೆದ ಚೆಂಡು ಬಲಕ್ಕೆ ಹಾರಿ ದಿಬ್ಬದ ಹುಲ್ಲಿನಲ್ಲಿ ಸಿಕ್ಕಿಕೊಂಡಿತು. ಆಡಲಾಗದ ಚೆಂಡಿಗೆ ಒಂದು ಸ್ಟ್ರೋಕ್ ದಂಡ ತೆತ್ತರೆ ಮೂರು ದಾರಿ: ಹಿಂದೆ ಹೊಡೆದ ಜಾಗಕ್ಕೆ ಮರಳುವುದು, ಎರಡು ಕ್ಲಬ್ (ಗಾಲ್ಫ್ ಕೋಲು) ಉದ್ದದೊಳಗೆ ಪಕ್ಕದಲ್ಲಿ ಬಿಡುವುದು, ಇಲ್ಲವೇ ಕುಳಿಯನ್ನೂ ಚೆಂಡನ್ನೂ ಸೇರಿಸುವ ಗೆರೆಯ ಮೇಲೆ ಎಷ್ಟು ದೂರ ಬೇಕಾದರೂ ಹಿಂದೆ ಸರಿಯುವುದು. ಅವರು ಮೂರನೆಯದನ್ನು ಹಿಡಿದು ಅಭ್ಯಾಸದ ಮೈದಾನದವರೆಗೆ ಹಿಂದೆ ಹೋದರು. ದಿಬ್ಬದ ಮೇಲೆ ಹತ್ತಿ ಇಳಿದು, ಕ್ಲಬ್ಬುಗಳ ಚೀಲ ಹೊರುವ ಕ್ಯಾಡಿಯೊಂದಿಗೆ ದೂರ ಲೆಕ್ಕ ಹಾಕಿದ್ದರಲ್ಲೇ 20 ನಿಮಿಷಕ್ಕೂ ಹೆಚ್ಚು ಕಳೆಯಿತು. ಹೋಲ್ ಮುಗಿದಾಗ ಬೋಗಿ, ಅಂದರೆ ಪಾರ್‌ಗಿಂತ (ನಿಗದಿತ ಹೊಡೆತಗಳಿಗಿಂತ) ಒಂದು ಹೆಚ್ಚು. ಮುನ್ನಡೆ ಮ್ಯಾಟ್ ಕೂಚರ್ ಪಾಲಾಯಿತು. ಮುಂದಿನ ನಾಲ್ಕು ಹೋಲ್‌ಗಳಲ್ಲಿ ಸ್ಪೀತ್ ಹೊಡೆದದ್ದು ಬರ್ಡಿ, ಈಗಲ್, ಬರ್ಡಿ, ಬರ್ಡಿ (ಬರ್ಡಿ ಪಾರ್‌ಗಿಂತ ಒಂದು ಕಡಿಮೆ, ಈಗಲ್ ಎರಡು ಕಡಿಮೆ). ಮೂರು ಸ್ಟ್ರೋಕ್‌ಗಳಿಂದ ಗೆದ್ದರು. ಸಾವರಿಸಿಕೊಂಡದ್ದು ಎಂದರೆ ಇದು. ಎಲ್ಲಕ್ಕಿಂತ ಆ ಬೋಗಿಯೇ ದೊಡ್ಡದು. ಅಲ್ಲಿ ಏಳೋ ಎಂಟೋ ಹೊಡೆತ ಆಗುವುದು ಬಹಳ ಸುಲಭವಿತ್ತು.

‘ಚೇತರಿಕೆ’ಗೆ ದಿನಗಳು ಬೇಕು; ಜ್ವರದಿಂದ ಚೇತರಿಸಿಕೊಳ್ಳುತ್ತೇವೆ, ಮಾರುಕಟ್ಟೆ ಚೇತರಿಸಿಕೊಳ್ಳುತ್ತದೆ. 2011ರ ಮಾಸ್ಟರ್ಸ್‌ನಲ್ಲಿ ನಾಲ್ಕು ಸ್ಟ್ರೋಕ್ ಮುಂದಿದ್ದ ರೋರಿ ಮೆಕಿಲ್ರಾಯ್ ಕೊನೆಯ ದಿನ 80 ಹೊಡೆದು ಸೋತು, ಎರಡು ತಿಂಗಳಲ್ಲಿ ಯುಎಸ್ ಓಪನ್ ಅನ್ನು ಎಂಟು ಸ್ಟ್ರೋಕ್‌ಗಳಿಂದ ಗೆದ್ದರಲ್ಲ, ಅದಕ್ಕೆ ಚೇತರಿಕೆ ಚೆನ್ನಾಗಿ ಒಪ್ಪುತ್ತದೆ. ‘ಸ್ಥೈರ್ಯ’ ಅಲುಗಾಡದವರಿಗೆ.

‘ಛಲ’ ಬಳಸುವಾಗ ಎಚ್ಚರ. ಛಲ ಎಂದೊಡನೆ ನಮಗೆ ನೆನಪಾಗುವವನು ದುರ್ಯೋಧನ. 1999ರ ಓಪನ್ನಿನಲ್ಲಿ, ಕಾರ್ನೂಸ್ಟಿ ಮೈದಾನದಲ್ಲಿ ಜಾನ್ ವಾನ್ ಡಿ ವೆಲ್ಡ್ ಕೊನೆಯ ಹೋಲ್‌ಗೆ ಮೂರು ಸ್ಟ್ರೋಕ್ ಮುಂದೆ ಬಂದರು. ಪಾರ್ ನಾಲ್ಕು, ಆರು ಹೊಡೆದರೂ ಗೆಲುವು. ಸಣ್ಣ ಸಣ್ಣ ಹೊಡೆತಗಳಲ್ಲಿ ದಾಟಬಹುದಿತ್ತು. ಅವರು ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್ ಎತ್ತಿದರು, ಆಮೇಲೆ 2-ಐರನ್‌ನಿಂದ ನೇರ ಗ್ರೀನಿಗೇ (ಕುಳಿಯ ಸುತ್ತಲಿನ ನುಣುಪು ಹುಲ್ಲಿಗೇ) ಗುರಿಯಿಟ್ಟರು. ಚೆಂಡು ಪ್ರೇಕ್ಷಕರ ಗ್ಯಾಲರಿಗೆ ಬಡಿದು ಉದ್ದ ಹುಲ್ಲಿಗೆ ಬಿತ್ತು, ಮೂರನೆಯ ಹೊಡೆತ ಬ್ಯಾರಿ ಬರ್ನ್ ಹಳ್ಳಕ್ಕೆ. ಒಟ್ಟು ಏಳು; ಸಮನಾದವರ ನಡುವಿನ ಪ್ಲೇಆಫ್‌ನಲ್ಲಿ ಪಾಲ್ ಲಾರಿ ಗೆದ್ದರು. ಇದನ್ನು ಚೋಕ್ ಅನ್ನುವವರೇ ಹೆಚ್ಚು. ನನಗೆ ಕಾಣುವುದು ಛಲ, ಜೊತೆಗೆ ತಪ್ಪಿದ ಲೆಕ್ಕ. ಲೇಖನದಲ್ಲಿ ‘ಸ್ಟ್ರಾಟೆಜಿ’ ಬಂದರೆ ಅದಕ್ಕೂ ‘ಲೆಕ್ಕಾಚಾರ’ ಸಾಕು, ‘ಕಾರ್ಯತಂತ್ರ’ದ ಭಾರ ಬೇಡ.

ಚೋಕ್‌ಗೆ ನಮ್ಮಲ್ಲಿ ಸಿದ್ಧವಾಗಿಯೇ ಇದೆ: ‘ಕೈಕಾಲು ಆಡದಾಗು’. ಆಗುವುದೂ ಅಕ್ಷರಶಃ ಅದೇ. ಭಯಕ್ಕೆ ಹಿಡಿ ಬಿಗಿಯಾಗುತ್ತದೆ, ಮುಂಗೈ ಸೆಟೆಯುತ್ತದೆ, ಮಣಿಕಟ್ಟು ಹೊರಳುವುದಿಲ್ಲ, ಕ್ಲಬ್ಬಿನ ಮುಖ ತೆರೆದೇ ಉಳಿದು ಬಲಗೈ ಆಟಗಾರನ ಚೆಂಡು ಬಲಕ್ಕೆ ಜಾರುತ್ತದೆ. ಇದಕ್ಕೆ ‘ಎಡವಿದ’ ಎಂದರೆ ಸಾಲದು, ಅದು ಬರೀ ತಪ್ಪು ಹೊಡೆತವೂ ಆಗಬಹುದು.

ಮರುಪ್ರಶ್ನೆ:
ಒಪ್ಪಿದೆ ಮೇಡಂ. ಆದರೆ ತಲೆಬರಹಕ್ಕೆ ನಾಮಪದ ಬೇಕಲ್ಲ?

ಉತ್ತರ:
ಚೇತರಿಸುವುದರಿಂದ ಚೇತರಿಕೆ, ತಡವರಿಸುವುದರಿಂದ ತಡವರಿಕೆ ಆದಂತೆ ‘ಸಾವರಿಕೆ’ ಆಗುತ್ತದೆ. ಕಿವಿಗೆ ಹೊಸತು, ಹಾಗಾಗಿ ಮೊದಲ ಸಲ ‘ಸಾವರಿಸಿಕೊಳ್ಳುವ ಶಕ್ತಿ’ ಎಂದು ಬರೆದು, ಆಮೇಲೆ ‘ಸಾವರಿಕೆ’ ಬಳಸಿ. ವಾಕ್ಯದೊಳಗೆ ಮಾತ್ರ ಕ್ರಿಯಾಪದವನ್ನೇ ಇಟ್ಟುಕೊಳ್ಳಿ: ‘ಡಬಲ್ ಬೋಗಿ ಆದರೂ ಮುಂದಿನ ಟೀ ತಲುಪುವಷ್ಟರಲ್ಲಿ ಸಾವರಿಸಿಕೊಂಡಿದ್ದರು.’