ಎಡವಿದ ಬೆರಳೇ ಎಡವುತ್ತೆ ಅಂತಾರಲ್ಲ, ನಿಮಗೂ ಹೀಗೇನಾ?

ಕೇಳಿದವರು, ಬೆಂಗಳೂರು

ನನಗೆ 34. ಚಿಕ್ಕವಳಿದ್ದಾಗಿಂದ ಎಡವೋದು, ಡಿಕ್ಕಿ ಹೊಡೆಯೋದು, ಕೈಲಿದ್ದದ್ದು ಬೀಳಿಸೋದು ಇದ್ದದ್ದೇ. ಹೊಸ ಬಾಡಿಗೆ ಮನೆಗೆ ಬಂದು 8 ತಿಂಗಳಾಯ್ತು, ಈಗ ಜಾಸ್ತಿಯಾಗಿದೆ. ಬಾಗಿಲ ಚೌಕಟ್ಟಿಗೆ ಭುಜ, ಮಂಚದ ಕಾಲಿಗೆ ಕಿರುಬೆರಳು, ಅಡುಗೆಕಟ್ಟೆಯ ಮೂಲೆಗೆ ಸೊಂಟ. ಹೋದ ವಾರ ಬಿಸಿ ಸಾರಿನ ಪಾತ್ರೆ ಹಿಡಿದುಕೊಂಡೇ ಹೊಸಿಲಿಗೆ ಎಡವಿದೆ. ಸಾರು ಗೋಡೆ ಮೇಲೆ ಹೋಯ್ತು, ಪುಣ್ಯಕ್ಕೆ ಕಾಲ ಮೇಲಲ್ಲ. ಅತ್ತೆ "ಎಡವಟ್ಟು" ಅಂತ ನಗ್ತಾರೆ. ಆದರೆ ತೋಳಿನ ಮೇಲಿನ ನೀಲಿಗಟ್ಟಿದ ಕಲೆ ನೋಡಿ ಆಫೀಸಿನಲ್ಲಿ ಒಬ್ಬರು ಪಕ್ಕಕ್ಕೆ ಕರೆದು "ಮನೇಲಿ ಎಲ್ಲ ಸರಿಯಿದೆ ತಾನೆ?" ಅಂತ ಕೇಳಿದರು. ನಮ್ಮ ಮನೆಯವರಿಗೆ ಹೇಳಿದೆ, ಪಾಪ, ಮುಖ ಸಣ್ಣದಾಯ್ತು. ನೀವೆಲ್ಲ ಮನೆಯಲ್ಲಿ ಏನೇನು ಬದಲಿಸಿಕೊಂಡಿರಿ? ಇದಕ್ಕೆಲ್ಲ ಡಾಕ್ಟರ ಹತ್ತಿರ ಹೋಗ್ತಾರಾ?

ಮೈಸೂರಿನಿಂದ

ಹುಟ್ಟಿನಿಂದ ಎಡವೋರು ಬೇರೆ ಕಣಮ್ಮ, ನಡುವೆ ಶುರುವಾದೋರು ಬೇರೆ. ನಾನು ಎರಡನೇ ಗುಂಪು. 52ನೇ ವಯಸ್ಸಿನವರೆಗೆ ಒಂದು ಲೋಟ ಬೀಳಿಸಿದವಳಲ್ಲ. ಆಮೇಲೆ ಬಚ್ಚಲಲ್ಲಿ ಶುರುವಾಯಿತು. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಸಾಕು, ಮುಂದಕ್ಕೆ ವಾಲಿ ಹಣೆ ನಲ್ಲಿಗೆ ಬಡಿಯುತ್ತಿತ್ತು. ಒಂದು ದಿನ ದೇವಸ್ಥಾನದಿಂದ ಬರುವಾಗ ಒಂದು ಚಪ್ಪಲಿ ದಾರಿಯಲ್ಲೇ ಕಳಚಿಹೋಗಿದೆ, ನನಗೆ ಗೊತ್ತೇ ಆಗಿಲ್ಲ! ಹಿಂದೆ ಬರುತ್ತಿದ್ದ ಹುಡುಗ ತಂದುಕೊಟ್ಟ. ಮರೆವು ಅಂದೆ. "ಚಪ್ಪಲಿ ಮರೆಯೋದು ದೇವಸ್ಥಾನದ ಬಾಗಿಲಲ್ಲಿ ಅಮ್ಮ, ನಡೀತಾ ನಡೀತಾ ಅಲ್ಲ" ಅಂತ ಮಗಳು ರೇಗಿದಳು.

ಅವಳ ಮಾತಿಗೆ ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರಿನಲ್ಲೇ ಬಿದ್ದದ್ದು, ತಗುಲಿಸಿಕೊಂಡದ್ದು ಎಲ್ಲ ಬರೆಯತೊಡಗಿದೆ. ಎಷ್ಟು ಹೊತ್ತಿಗೆ, ಎಲ್ಲಿ, ಯಾವ ಕಾಲು, ಕೈಯಲ್ಲಿ ಏನಿತ್ತು. 3 ವಾರಕ್ಕೆ 11 ಗುರುತು. ಅದರಲ್ಲಿ 9 ಬೆಳಗಿನ ಜಾವದ್ದು, ಇಲ್ಲವೇ ಕರೆಂಟು ಹೋದಾಗಿನದು. ಮಟಮಟ ಮಧ್ಯಾಹ್ನದ್ದು ಒಂದೂ ಇಲ್ಲ. ಆ ಹಾಳೆ ಹರಿದುಕೊಂಡೇ ಡಾಕ್ಟರ ಹತ್ತಿರ ಹೋದೆ.

ಪಾದ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿ ಅಂದರು, ವಾಲಿದೆ. ಟ್ಯೂನಿಂಗ್ ಫೋರ್ಕ್ ತಟ್ಟಿ ಕಾಲಿನ ಹರಡಿನ ಮೂಳೆ ಮೇಲೆ ಇಟ್ಟರು, ಜುಮ್ಮೆನ್ನಬೇಕಿತ್ತಂತೆ, ನನಗೆ ತಣ್ಣನೆಯ ಕಬ್ಬಿಣ ಅಷ್ಟೆ. ರಕ್ತದಲ್ಲಿ ವಿಟಮಿನ್ ಬಿ12 ನೋಡಿಸಿದರು, 140 ಬಂತು. ಲ್ಯಾಬಿನವರ ಕೆಳಮಟ್ಟವೇ 200. ಬಿ12 ಹೆಚ್ಚಾಗಿ ಮಾಂಸ, ಮೊಟ್ಟೆಯಂಥದ್ದರಲ್ಲಿ ಇರೋದು, ನಾವು ಮೊಟ್ಟೆ ಮುಟ್ಟದ ಮನೆಯವರು, ಮೇಲಿಂದ ಸಕ್ಕರೆ ಕಾಯಿಲೆಗೆ 9 ವರ್ಷದಿಂದ ಮೆಟ್‌ಫಾರ್ಮಿನ್ ಮಾತ್ರೆ. ಅದನ್ನು ವರ್ಷಗಟ್ಟಲೆ ತಿಂದರೂ ಬಿ12 ಇಳಿಯುತ್ತದಂತೆ. ಪಾದ ಎಲ್ಲಿದೆ, ಹೇಗಿದೆ ಅನ್ನೋ ಸುದ್ದಿ ಬೆನ್ನುಹುರಿ ಹಾದು ಮಿದುಳಿಗೆ ಮುಟ್ಟಬೇಕು. ಬಿ12 ಇಲ್ಲದೆ ಆ ದಾರಿ ಕೆಟ್ಟಿತ್ತು. ಕಾಲಿನ ಕೆಲಸವನ್ನೂ ಕಣ್ಣೇ ಮಾಡುತ್ತಿತ್ತು. ದೀಪ ಆರಿದರೆ ಎರಡೂ ಹೋದ ಹಾಗೆ.

ಇಂಜೆಕ್ಷನ್ ಮೊದಮೊದಲು ದಿನ ಬಿಟ್ಟು ದಿನ, ಆಮೇಲೆ ತಿಂಗಳಿಗೊಂದು. 6 ತಿಂಗಳಲ್ಲಿ ಕಣ್ಣು ಮುಚ್ಚಿ ಮುಖ ತೊಳೆಯುವಷ್ಟಾದೆ. ಎಡಗಾಲಿನ ಜೋಮು ಉಳಿದೇ ಹೋಯಿತು, ಬೇಗ ಹೋಗಬೇಕಿತ್ತು. ನಿಮಗೂ ಇದೇ ಅಂತಲ್ಲ. ಕ್ಯಾಲೆಂಡರ್ ಮಾತ್ರ ಇವತ್ತಿಂದಲೇ ಬರೆಯಿರಿ.

ಧಾರವಾಡದಿಂದ

ಅಕ್ಕಾರ, ನೀವೊಬ್ಬರ ಅಲ್ರಿ. ಮಂಚಕ್ಕ ಬಡಿಸಿಕೊಂಡು ಕಿರುಬಳ್ಳಿನ ಎಲುಬು ಎರಡು ಸಲ ಮುರಕೊಂಡೀನಿ. ಪಕ್ಕದ ಬಳ್ಳಿಗೆ ಜೋಡಿಸಿ ಪಟ್ಟಿ ಸುತ್ತಿ ಮನೀಗೆ ಕಳಿಸಿದ್ರು. ಈಗ ಮಂಚದ ಕಾಲಿಗೆ ಹಳೇ ನೀರಿನ ಪೈಪ್ ಸೀಳಿ ಸುತ್ತೀನಿ. ನೋಡಾಕ ಚಂದ ಇಲ್ಲ, ಖರೆ. ಇನ್ನ ನಿಮ್ಮ ಮನ್ಯಾಗ ಯಾರರೆ ಹೊಸಾ ಪ್ರೋಗ್ರೆಸಿವ್ ಚಷ್ಮಾ ಹಾಕ್ಕೊಂಡಿದ್ರ ಮೆಟ್ಟಲಾ ಇಳಿಯೂ ಮುಂದ ಹುಷಾರ್. ಅದರ ಕೆಳಗಿನ ಭಾಗ ಓದಾಕ ಇರೂದು, ಅದರಾಗಿಂದ ನೋಡಿದ್ರ ಮೆಟ್ಟಲಾ ಮಸುಕು ಮಸುಕು. ಗದ್ದ ಎದಿಗೆ ತಂದು ಮ್ಯಾಲಿನ ಗಾಜಿನಾಗ ನೋಡಬೇಕು. ನಾ ಇದನ್ನ ಕಲಿತದ್ದು ಕುಂಡಿ ಮ್ಯಾಲೆ ಬಿದ್ದ ಮ್ಯಾಲೇನ.

ಶಿರಸಿ ಕಡೆಯಿಂದ

ನಮ್ಮ ಬದಿಗೆ ಬೀಳುವುದೆಂದರೆ ಮಳೆಗಾಲದ ಮಾತು. ಅಂಗಳದ ಹಾವಸೆ ಮೇಲೆ ಬೀಳದವರು ಯಾರೂ ಇಲ್ಲ. ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕುತ್ತೇವೆ, ನಡೆಯುವಲ್ಲಿ ಸೋಗೆ ಹಾಸುತ್ತೇವೆ. ಆದರೆ ಅಪ್ಪ ಬಿದ್ದದ್ದು ಅಂಗಳದಲ್ಲಲ್ಲ, ದೀಪಾವಳಿಯ ಎಣ್ಣೆಸ್ನಾನದ ದಿನ ಬಚ್ಚಲಲ್ಲಿ. ಜಾರುವಾಗ ಟವೆಲ್ ಹಾಕುವ ಸರಳು ಹಿಡಿದರು. ಸರಳು ಸ್ಕ್ರೂ ಸಮೇತ ಕೈಗೆ ಬಂತು. ಟವೆಲ್ ಸರಳು ಟವೆಲ್ಲಿಗೆ ಮಾತ್ರ. ಮನುಷ್ಯನ ಭಾರ ತಡೆಯುವ ಹಿಡಿಕೆ ಬೇರೆಯೇ ಸಿಗುತ್ತದೆ, ಇಟ್ಟಿಗೆ ಗೋಡೆಗೆ ಆಂಕರ್ ಬೋಲ್ಟ್ ಹಾಕಿಸಿ. ಈಗ ಎಣ್ಣೆ ಹಚ್ಚಿದವರು ಮಣೆ ಮೇಲೆ ಕೂತೇ ಮೀಯಬೇಕು, ಕೊನೆಗೆ ಸೀಗೆಪುಡಿ ಹಾಕಿ ನೆಲ ತಿಕ್ಕಬೇಕು ಅಂತ ಕಾನೂನು.

ನೀವು ಹೊಸಿಲು ಅಂದದ್ದಕ್ಕೆ ಇನ್ನೊಂದು ನೆನಪಾಯಿತು. ನಮ್ಮ ಅಜ್ಜಿ ಹೊಸಿಲಿಗೆ ಅರಿಶಿನ ಬಳಿದು ಎಳೆ ರಂಗೋಲಿ ಹಾಕುತ್ತಿದ್ದಳು. ಚಿಮಣಿ ಬೆಳಕಿನಲ್ಲೂ ಹೊಸಿಲು ಎದ್ದು ಕಾಣುತ್ತಿತ್ತು. ತಮ್ಮನ ಹೊಸ ಮನೆಯಲ್ಲಿ ಟೈಲ್ಸ್ ಬಿಳಿ, ಹೊಸಿಲ ಕಲ್ಲೂ ಬಿಳಿ. ಬಂದ ನೆಂಟರೆಲ್ಲ ಅಲ್ಲೇ ಮುಗ್ಗರಿಸುತ್ತಾರೆ. ಒಂದು ಅಂಗುಲದ ಹಳದಿ ಟೇಪು ಸಾಕು.

ಮಂಗಳೂರಿನಿಂದ

ನನ್ನ ಮಗನಿಗೆ 11. ಶೂ ಲೇಸು ಕಟ್ಟಲು ಬರುವುದಿಲ್ಲ, ನೇರ ನಡೆದು ಗೋಡೆಗೆ ತಾಗುತ್ತಾನೆ, ಊಟದ ಬಟ್ಟಲಿಗಿಂತ ಮೇಜಿನ ಮೇಲೆ ಅನ್ನ ಹೆಚ್ಚು. ನಾನು ಬೈದದ್ದು ಲೆಕ್ಕವಿಲ್ಲ. ಬೈದ ದಿನ ಇನ್ನೂ ಎರಡು ಲೋಟ ಹೆಚ್ಚು ಬೀಳುತ್ತಿತ್ತು. ಕೊನೆಗೆ ಆಕ್ಯುಪೇಷನಲ್ ಥೆರಪಿಸ್ಟ್ ಹತ್ತಿರ ಹೋದಾಗ ಡಿಸ್ಪ್ರಾಕ್ಸಿಯಾ ಅಂದರು, ಮೈಕೈ ಚಲನೆ ಹೊಂದಿಸಿಕೊಳ್ಳಲು ಕಷ್ಟವಾಗುವುದು. ನೂರು ಮಕ್ಕಳಲ್ಲಿ 5-6 ಮಂದಿಗೆ ಇರುತ್ತದಂತೆ, ದೊಡ್ಡವರಾದ ಮೇಲೂ ಹಲವರಲ್ಲಿ ಉಳಿಯುತ್ತದಂತೆ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಹ್ಯಾರಿ ಪಾಟರ್ ಪಾತ್ರ ಮಾಡಿದ ಡೇನಿಯಲ್ ರಾಡ್‌ಕ್ಲಿಫ್ ಕೂಡ ತನಗಿದು ಸ್ವಲ್ಪ ಇದೆ ಅಂತ 2008ರಲ್ಲಿ ಹೇಳಿಕೊಂಡಿದ್ದಾನೆ. ಮಗನಿಗೆ ಅದನ್ನು ಹೇಳಿದ ದಿನ ಅವನ ಮುಖ ನೋಡಬೇಕಿತ್ತು.

ನಾವು ಮಾಡಿದ್ದು ಇಷ್ಟೆ: ಹಗುರದ ಪ್ಲಾಸ್ಟಿಕ್ ಲೋಟ ಬಿಸಾಡಿ ತೂಕದ ಸ್ಟೀಲ್ ಲೋಟ, ಅದೂ ಅರ್ಧ ತುಂಬಿಸಿ. ಸಾಮಾನು ಜಾಗ ಬದಲಿಸುವುದಿಲ್ಲ. ನೀವು ಸಣ್ಣಂದಿನಿಂದಲೂ ಹೀಗೇ ಅಂದಿರಿ, ಮನೆ ಬದಲಾದ ಮೇಲೆ ಹೆಚ್ಚಾಯಿತು ಅಂದಿರಿ. ಹಳೇ ಮನೆ ನಿಮ್ಮ ಮೈಗೆ ಕಂಠಪಾಠ ಆಗಿತ್ತೋ ಏನೋ.

ಹಾಸನದಿಂದ, ನರ್ಸ್ ಆಗಿದ್ದವಳು

ಎದ್ದ ತಕ್ಷಣ ಕಣ್ಣು ಕತ್ತಲೆ ಬಂದು ಬೀಳೋರು ಮಲಗಿ ಮತ್ತೆ ನಿಂತು ಬಿಪಿ ನೋಡಿಸಿ. ಮೇಲಿನ ಅಂಕಿ 20 ಇಳಿದರೆ ಅದೇ ಕಾರಣ ಇರಬಹುದು. ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತು ಏಳಿ. ಮಗ್ಗಲು ತಿರುಗಿದರೆ ಕೋಣೆ ಗಿರ್ರಂತ ಸುತ್ತಿದರೆ ಕಿವಿ ಡಾಕ್ಟರು. ನೆಗಡಿ ಮಾತ್ರೆ, ನಿದ್ದೆ ಮಾತ್ರೆ ತಗೊಂಡ ರಾತ್ರಿ ಬಾತ್‌ರೂಮಿಗೆ ಜೀರೋ ಬಲ್ಬ್ ಹಾಕಿಡಿ. ರಕ್ತ ತೆಳು ಮಾಡೋ ಮಾತ್ರೆ ತಿನ್ನೋರಿಗೆ ತಲೆಗೆ ಪೆಟ್ಟು ಬಿದ್ದರೆ ನೋವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಇದ್ದಕ್ಕಿದ್ದಂತೆ ಒಂದೇ ಕಡೆ ಕೈಕಾಲು ಸೋತರೆ, ಮಾತು ತೊದಲಿದರೆ ಒಂದು ಗಳಿಗೆಯೂ ಕಾಯಬೇಡಿ.

ಆಫೀಸಿನವರ ಮೇಲೆ ಬೇಜಾರು ಮಾಡ್ಕೋಬೇಡಿ. ನಾನೂ ಎಷ್ಟೋ ಹೆಣ್ಣುಮಕ್ಕಳನ್ನ ಹಾಗೇ ಪಕ್ಕಕ್ಕೆ ಕರೆದು ಕೇಳಿದ್ದೀನಿ. "ಬಾಗಿಲಿಗೆ ತಗುಲ್ತು ಸಿಸ್ಟರ್" ಅಂದೋರೆಲ್ಲ ನಿಜ ಹೇಳ್ತಿರಲಿಲ್ಲ. ನಿಮ್ಮದಲ್ಲದಿರಬಹುದು, ಓದೋರಲ್ಲಿ ಯಾರಿಗಾದರೂ ಬೇಕಾದರೆ ಮಹಿಳಾ ಸಹಾಯವಾಣಿ 181.

ಕೇಳಿದವರು, 12 ದಿನದ ನಂತರ

ಕ್ಯಾಲೆಂಡರ್ ಬರೆದೆ. 14 ಗುರುತು, ಅದರಲ್ಲಿ 9 ಫ್ರಿಜ್ಜಿಗೂ ಅಡುಗೆಮನೆ ಬಾಗಿಲಿಗೂ ನಡುವೆ. ಒಂಬತ್ತೂ ಎಡಭುಜ, ಒಂಬತ್ತು ಸಲವೂ ಎರಡೂ ಕೈ ತುಂಬಾ ಸಾಮಾನು. ಹಳೇ ಮನೆಯಲ್ಲಿ ಬಾಗಿಲು ಬಲಗಡೆ ಇತ್ತು. ಫ್ರಿಜ್ಜನ್ನ ಹಾಲಿಗೆ ಹಾಕಿದ್ದೀವಿ. ಬಚ್ಚಲ ಹಿಡಿಕೆಗೆ ಗೋಡೆ ಕೊರೆಯೋಕೆ ಓನರ್ ಒಪ್ಪಲಿಲ್ಲ. ನಾವೂ ಸಸ್ಯಾಹಾರಿಗಳೇ, ಶನಿವಾರ ಬಿ12ಗೆ ರಕ್ತ ಕೊಡ್ತೀನಿ. ಹೊಸಿಲಿಗೆ ಅರಿಶಿನ ಅಂದಿದ್ದಕ್ಕೆ ಅತ್ತೆ ಖುಷಿಯಾಗಿ ತಾವೇ ಬಳಿದರು. ಬಳಿದು ಎದ್ದು ಹಿಂದೆ ಹೆಜ್ಜೆ ಇಟ್ಟೋರು ನೇರ ಬಕೆಟ್ಟಿಗೆ ಎಡವಿದರು. ಏನೂ ಆಗಲಿಲ್ಲ. ಅವರ ಹೆಸರಲ್ಲೂ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿದ್ದೀನಿ, ಇನ್ನೂ ನೋಡಿಲ್ಲ ಅವರು.